ಆರು ಶುಕ್ರವಾರದ ಎಣಗಾಯಿ

ಬೈಲಹೊಂಗಲದ ನಮ್ಮ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಅರವತ್ತೊಂದು ಹುಡುಗರಿದ್ದೆವು. ಅದರಲ್ಲಿ ಕಥೋಲಿಕರು ಮೂವರು: ನಾನು, ಕಿತ್ತೂರಿನ ಕಡೆಯ ಒಬ್ಬ ದಢೂತಿ ಗೆಳೆಯ, ಮತ್ತು ಪಾದ್ರಿಯಾಗಲು ಹೋಗಿ ಮೂರೇ ತಿಂಗಳಿಗೆ ಮನೆಗೆ ಮರಳಿದ್ದ ಒಬ್ಬ ಹಿರಿಯ. ಆ ಮೂರು ತಿಂಗಳ ಅನುಭವದಿಂದಾಗಿ ಧರ್ಮದ ವಿಷಯದಲ್ಲಿ ಅವನದೇ ಕೊನೆಯ ಮಾತು. ಬೆಳಗಾವಿಯಿಂದ ಫಾದರ್ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ನನ್ನ ಓದುವ ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸವಿಟ್ಟು ಬಲಿಪೂಜೆ ಅರ್ಪಿಸುತ್ತಿದ್ದರು. ಉಳಿದ ದಿನ ಸಂಜೆ ಏಳಕ್ಕೆ ಮೂವರೇ ಕೂತು ಜಪಸರ ಹೇಳುತ್ತಿದ್ದೆವು. ಯಾರು ಎಷ್ಟು ಸಲ ಆಕಳಿಸಿದರು ಎಂಬುದೂ ನನ್ನ ದಿನಚರಿಯಲ್ಲಿದೆ.

ಆ ವರ್ಷ ನಮ್ಮ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಫಾದರ್ ಬಂದು ನಮ್ಮ ಹಣೆಗೆ ಬೂದಿ ಹಚ್ಚಿದರು. ಊಟದ ಸಾಲಿನಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಅಲ್ಲಿ ಅರ್ಧಕ್ಕರ್ಧ ಹಣೆಗಳ ಮೇಲೆ ಮೊದಲೇ ವಿಭೂತಿ ಇತ್ತು, ನಮ್ಮದೇ ತೆಳುವಾಗಿತ್ತು.

ಹೋಗುವಾಗ ಫಾದರ್ ಎರಡು ಮಾತು ಹೇಳಿದ್ದರು. ಪಾಸ್ಕ ಹಬ್ಬದವರೆಗೆ, ಅಂದರೆ ಈಸ್ಟರ್‌ವರೆಗೆ, ಶುಕ್ರವಾರ ಮಾಂಸ ಬಿಡಬೇಕು. ಮಾಡಿದ ತ್ಯಾಗವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಬಾರದು. ಮೊದಲನೆಯದರಲ್ಲೇ ತೊಡಕು. ನಮ್ಮ ಮೆಸ್ಸಿನೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ.

“ಇಲ್ಲದ್ದ ಬಿಟ್ಟರ ಅದೇನ್ ತ್ಯಾಗೋ?” ಎಂದ ಹಿರಿಯ. “ಇದ್ದದ್ದ ಬಿಡೋಣು. ಶುಕ್ರವಾರದ ಎಣಗಾಯಿ.”

ಗೆಳೆಯನ ಮುಖ ಸಣ್ಣದಾಯಿತು. “ಶನಿವಾರದ ಹೆಸರಕಾಳ ಪಲ್ಯ ಬಿಟ್ಟರ ನಡೆಂಗಿಲ್ಲೇನು?”

ನಡೆಯಲಿಲ್ಲ. ಶೇಂಗಾ, ಗುರೆಳ್ಳು ತುಂಬಿದ ಆ ಎಳೆ ಬದನೆಕಾಯಿಯೇ ನಮ್ಮ ಅಡುಗೆಯ ಕಾಕಾ ಅವರ ಕೀರ್ತಿ.

ಮೊದಲ ಶುಕ್ರವಾರ ಮೂವರೂ ತಾಟಿಗೆ ಕೈ ಅಡ್ಡ ಹಿಡಿದೆವು. ಕಾಕಾ ಸೌಟು ಹಿಡಿದು ಹಾಗೇ ನಿಂತರು.

“ಯಾಕ್ರಪಾ, ಹುಳಾ ಕಂಡವೇನು?”

“ಇಲ್ರಿ ಕಾಕಾ. ಬ್ಯಾಡ್ರಿ.”

ಕಾರಣ ಹೇಳುವಂತಿರಲಿಲ್ಲ. ಎರಡನೆಯ ಶುಕ್ರವಾರ ಎಣಗಾಯಿಗೆ ಒಣಕೊಬ್ಬರಿ ಬಿತ್ತು. ಮೂರನೆಯದಕ್ಕೆ ಎಣ್ಣೆ ದುಪ್ಪಟ್ಟಾಯಿತು. ನಾಲ್ಕನೆಯದಕ್ಕೆ ಕಾಕಾ ತಾವೇ ನೇಸರಗಿ ಸಂತೆಗೆ ಹೋಗಿ, ಬದನೆಕಾಯಿಯ ಚೀಲವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಉಳಿದ ಐವತ್ತೆಂಟು ಮಂದಿ ಬೆರಳು ಚೀಪಿದರು. ನನ್ನ ಪಟ್ಟಿಯಲ್ಲಿ ಅಲ್ಲಿಯವರೆಗೆ ನಿರಾಕರಣೆ ಹನ್ನೆರಡು. ಗೆಳೆಯನ ನಿಟ್ಟುಸಿರು, ನನಗೆ ಕೇಳಿಸಿದಷ್ಟು, ಮೂವತ್ತೊಂದು.

ಐದನೆಯ ಶುಕ್ರವಾರ ಕಾಕಾ ಸೌಟನ್ನು ಪಾತ್ರೆಯೊಳಗೆ ಬಿಟ್ಟು, ತಮ್ಮ ತಗಡಿನ ಟ್ರಂಕನ್ನು ಅಡುಗೆಮನೆ ಬಾಗಿಲಿಗೆ ಎಳೆದು ತಂದರು.

“ನನ್ನ ಕೈರುಚಿ ಹೋತು. ಇಪ್ಪತ್ತ ವರ್ಷದಾಗ ಒಬ್ಬರೂ ತಾಟಿಗೆ ಕೈ ಅಡ್ಡ ಹಿಡಿದಿರಲಿಲ್ಲ. ಬರೂ ವಾರ ರಾಮದುರ್ಗಕ್ಕ ಮಗಳ ಮನಿಗೆ ಹೋಗತೇನಿ.”

ಮೆಸ್ ಕಾರ್ಯದರ್ಶಿಯಾಗಿದ್ದ ಸವದತ್ತಿಯ ಸೀನಿಯರ್ ನೆಟ್ಟಗೆ ನಮ್ಮ ಕೋಣೆಗೆ ಬಂದ. “ಏ ಮಾರಾಯರಾ, ಕಾಕಾ ಹೋದರ ನಿಮ್ಮ ಮೂರೂ ಮಂದೀನ ಕುದಿಸಿ ತಿಂತೇವಿ ನೋಡ್ರಿ.”

“ಶುಕ್ರವಾರ ಮಾಂಸ ನಡೆಂಗಿಲ್ರಿ,” ಎಂದ ಗೆಳೆಯ. ಹಿರಿಯ ಅವನ ಕಾಲು ತುಳಿದ.

ಊರಿಗೆಲ್ಲ ಹೇಳಬಾರದು ಅಂದಿದ್ದಾರೆ, ಕಾಕಾ ಒಬ್ಬರೇ ಊರಲ್ಲ ಎಂದು ಕೊನೆಗೆ ಹಿರಿಯ ತೀರ್ಪು ಕೊಟ್ಟ. ಅಡುಗೆಮನೆಗೆ ಹೋಗಿ ಎಲ್ಲವನ್ನೂ ಹೇಳಿದೆವು.

“ನೇಮ ಏನ್ರಪಾ? ನಾನೂ ಸೋಮವಾರ ಒಪ್ಪತ್ತು ಇರತೇನಿ. ಮೊದಲ ಹೇಳಾಕ ಏನಾಗಿತ್ತು ನಿಮಗ?” ಎಂದರು ಕಾಕಾ. ಆಮೇಲೆ ಅನುಮಾನದಿಂದ, “ಖರೇ ಹೇಳ್ರಿ, ಎಣಗಾಯಿ ರುಚಿ ಇತ್ತಿಲ್ಲೋ?”

“ಗೊತ್ತಿಲ್ರಿ, ನಾವು ತಿಂದಿಲ್ಲಲ್ಲ,” ಎಂದುಬಿಟ್ಟೆ ನಾನು, ದಾಖಲೆ ತಪ್ಪಬಾರದೆಂದು.

ಟ್ರಂಕು ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ಉಳಿಯಿತು.

ಆರನೆಯ ಶುಕ್ರವಾರ ಎಣಗಾಯಿ ಬಂತು. ಮೊದಲ ತುತ್ತಿಗೇ ಐವತ್ತೆಂಟು ಬಾಯಿಗಳು ನಿಂತವು. ಉಪ್ಪೇ ಇರಲಿಲ್ಲ.

“ಪಾಪ, ಆ ಮೂರು ಹುಡುಗರಿಗೆ ಆಶಾ ಹುಟ್ಟಿ ತ್ರಾಸ ಆಗಬಾರದಂತ ಉಪ್ಪ ಹಾಕಿಲ್ಲ,” ಎಂದರು ಕಾಕಾ.

ಸಾಲಿಗೆ ಸಾಲೇ ನಮ್ಮ ಕಡೆ ತಿರುಗಿತು. ಸವದತ್ತಿಯವನು ಅಂಗಿಯ ತೋಳು ಮಡಚಿದ. ಹಿರಿಯ ಪಿಸುಗುಟ್ಟಿದ: “ಇವತ್ತ ಬಿಟ್ಟರ ತ್ಯಾಗ ಅಲ್ಲ. ತಿಂದರ ತ್ಯಾಗ.”

ಮೂವರೂ ತಾಟು ಮುಂದೆ ಮಾಡಿದೆವು. ನಾನು, ಹಿರಿಯ ಎರಡೆರಡು ತಿಂದೆವು, ಗೆಳೆಯ ನಾಲ್ಕು. ಐದು ವಾರ ಕಾದಿದ್ದ ನಾಲಿಗೆಗೆ ಉಪ್ಪಿನ ನೆನಪೇ ಬರಲಿಲ್ಲ.

ಕಾಕಾ ಸೌಟು ಎತ್ತಿ, ಎಲ್ಲರಿಗೂ ಕೇಳುವಂತೆ ಕೂಗಿದರು: “ನೋಡ್ರೆಪಾ ನನ್ನ ಕೈರುಚಿ! ಉಪ್ಪಿಲ್ಲದನ ಮೂರು ಮಂದೀ ನೇಮ ಮುರದೈತಿ!”

ಸಂಜೆ ಟ್ರಂಕು ತನ್ನ ಜಾಗಕ್ಕೆ ಮರಳಿತು. ಆ ಶುಕ್ರವಾರವನ್ನು ದಿನಚರಿಯಲ್ಲಿ ನೇಮದ ಕಡೆ ಬರೆಯಬೇಕೋ ತಪ್ಪಿನ ಕಡೆಯೋ ತಿಳಿಯದೆ, ನಡುವಿನ ಗೆರೆಯ ಮೇಲೆ ‘ಬದನೆಕಾಯಿ ಎಂಟು’ ಎಂದು ಬರೆದಿದ್ದೇನೆ.