ನಾನು ತಪಾಸಣೆ ಮಾಡಿದ ಮೂರು ಗಾಡಿಗಳು

ಗಾಡಿ ಕೊಳ್ಳುವ ಮಾತು ನಮ್ಮ ಮನೆಯಲ್ಲಿ ತೆಗೆದವಳು ನನ್ನ ಹೆಂಡತಿ. ನನ್ನಿಂದ ಅಂಥ ಮಾತು ಬರುವ ಸಂಭವವೇ ಇರಲಿಲ್ಲ. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಸನತ್‌ನಗರದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ನಮಗಾಗಿ ಬಿಡಿಭಾಗಗಳು ತಯಾರಾಗುತ್ತವೆ. ಅಲ್ಲಿಗೆ ಹೋಗಿ ಅವನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ ಬರುವುದು ನನ್ನ ಕೆಲಸ. ಕೆಂಪು ಚೀಟಿ ಕಟ್ಟುವಾಗ ಸಿಗುತ್ತಿದ್ದ ಸಮಾಧಾನ ಹಸಿರಿನಲ್ಲಿ ನನಗೆಂದೂ ಸಿಗಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಅಥವಾ ಆಗ ಇರಲಿಲ್ಲ.

ಹೆಂಡತಿ ಯಾದಗಿರಿ ಕಡೆಯವಳು. ಬೇಸಿಗೆಯಿಡೀ ಮಾಳಿಗೆಯ ಮೇಲೆ ಮಲಗಿ ಬೆಳೆದವಳು. ಮದುವೆಯಾಗಿ ಬಂದಾಗಿನಿಂದ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ, ಫ್ಯಾನಿನ ಕೆಳಗೆ ಮಲಗಿದ್ದಾಳೆ. ಊರಾಚೆ ಕೆರೆಯ ದಂಡೆಗೋ ಗುಡ್ಡದ ಬುಡಕ್ಕೋ ಹೋಗಿ ಒಂದು ರಾತ್ರಿ ಬಯಲಲ್ಲಿ ಮಲಗಬೇಕು ಎಂಬುದು ಅವಳ ಒಂದೇ ಆಸೆ. ಇಪ್ಪತ್ತಾರು ವರ್ಷ ನಾನು ಅದಕ್ಕೆ ಒಂದಿಲ್ಲೊಂದು ಅಡ್ಡಗಾಲು ಹಾಕುತ್ತ ಬಂದೆ. ಹಾವು ಇರುತ್ತದೆ, ಕುಡುಕರಿರುತ್ತಾರೆ, ಅರಣ್ಯದವರು ಬಂದು ಎಬ್ಬಿಸುತ್ತಾರೆ ಎಂದೆ. ಒಮ್ಮೆ ಬಾಡಿಗೆ ಕಾರಿನಲ್ಲಿ ಹೊರಟೇಬಿಟ್ಟಿದ್ದೆವು. ಮಣ್ಣಿನ ದಾರಿ ಶುರುವಾದಲ್ಲಿ ನಾನು ಇಳಿದು ಟೈರು ನೋಡಿ, ಇದರಲ್ಲಿ ಮುಂದೆ ಹೋದರೆ ಸಿಕ್ಕಿಬೀಳುತ್ತೇವೆ ಎಂದು ಕಾರು ಹಿಂದಕ್ಕೆ ತಿರುಗಿಸಿದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳೇ ಹೇಳಿದಳು. "ನಾಕೂ ಗಾಲಿ ಎಳಿಯೋ ಗಾಡಿ ಬರ್ತಾವಂತಲ್ರೀ, ಹಳೇದು ಒಂದು ತಗೊಳ್ಳೂಣು. ನನ್ನ ಮೊಣಕಾಲು ಈಗ ನೋಯಾಕತ್ತಾವ. ಇನ್ನ ನಾಕು ವರ್ಷ ಹೋದ್ರ ನೆಲದ ಮ್ಯಾಲ ಕೂತರ ಏಳಾಕ ಆಗಂಗಿಲ್ಲ. ನಿಮ್ಮ ಜೋಡಿ ಒಂದು ರಾತ್ರಿ ಹೊರಗ ಮಲಗಬೇಕು. ಈ ಸಲ ಆಗಲಿಲ್ಲಂದ್ರ ಮತ್ತ ಕೇಳಂಗಿಲ್ಲ ನೋಡ್ರಿ."

ಕೊನೆಯ ಮಾತನ್ನು ಅವಳು ಮುನಿಸಿನಿಂದ ಹೇಳಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ನಾನು ಕೆಲಸಕ್ಕಿಳಿದೆ. ಒಂದು ಮಾಡೆಲ್ಲು ಆರಿಸಿಕೊಂಡು ಅದರ ಮೂರು ವೇರಿಯಂಟುಗಳನ್ನು ಕಾಗದದ ಮೇಲೆ ಪಕ್ಕಪಕ್ಕ ಬರೆದೆ. ಬೇಸ್ ವೇರಿಯಂಟಿನಲ್ಲಿ ಹಿಂದಿನ ಗಾಲಿಗಳು ಮಾತ್ರ ಎಳೆಯುತ್ತವೆ, ಹಾಗಾಗಿ ಬೇಡ. ಟಾಪಿನಲ್ಲಿ ನಾಲ್ಕೂ ಎಳೆಯುತ್ತವೆ, ಆದರೆ ಅದರ ಜೊತೆಗೆ ಸನ್‌ರೂಫು, ಚರ್ಮದ ಸೀಟು, ಗೋಡೆಯಷ್ಟು ದೊಡ್ಡ ಪರದೆ, ದೊಡ್ಡ ಅಲಾಯ್ ಚಕ್ರ ಎಲ್ಲವೂ ಗಂಟುಬೀಳುತ್ತವೆ. ದೊಡ್ಡ ಚಕ್ರಕ್ಕೆ ತೆಳ್ಳನೆಯ ಟೈರು. ಒಂದು ಚೂಪು ಕಲ್ಲು ಸಾಕು, ಕಥೆ ಮುಗಿಯಿತು. ನಡುವಿನ ವೇರಿಯಂಟಿನಲ್ಲೂ ನಾಲ್ಕೂ ಗಾಲಿ ಎಳೆಯುತ್ತವೆ, ಆದರೆ ಬಟ್ಟೆಯ ಸೀಟು, ಸಣ್ಣ ಉಕ್ಕಿನ ಚಕ್ರ, ದಪ್ಪ ಟೈರು, ಗೇರಿನ ಪಕ್ಕ ಲೋ ಗೇರಿನ ಇನ್ನೊಂದು ಲಿವರ್. ಅದನ್ನು ಎಳೆದರೆ ಗಾಡಿ ಕೆಸರಿನಲ್ಲಿ ಆಮೆಯ ಹಾಗೆ ನಿಧಾನ, ಆದರೆ ಹೊರಗೆ ಬರುತ್ತದೆ. ನಮಗೆ ಬೇಕಾದದ್ದು ಅದೇ ಎಂದು ಹೆಂಡತಿಗೆ ಒಂದು ಗಂಟೆ ವಿವರಿಸಿದೆ. "ಹಂಗಾರ ಅದನ್ನ ತಗೊಳ್ರಿ" ಎಂದು ಅವಳು ಒಂದೇ ಸಾಲಿನಲ್ಲಿ ಮುಗಿಸಿದಳು.

ಮೊದಲ ಗಾಡಿ ಸನತ್‌ನಗರದ ಒಬ್ಬ ಹಳೆಗಾಡಿ ವ್ಯಾಪಾರಿಯ ಬಳಿ ಇತ್ತು. ಹಿಂಬದಿಯಲ್ಲಿ, ನಾಲ್ಕೂ ಗಾಲಿ ಎಳೆಯುತ್ತವೆಂದು ಸಾರುವ ಹಾಗೆ, ಫೋರ್ ಬೈ ಫೋರ್ ಎಂದು ಬೆಳ್ಳಗೆ ಹೊಳೆಯುವ ಅಕ್ಷರಗಳು. "ಆಂಖ್ ಬಂದ್ ಕರ್ಕೇ ಲೇಲೋ ಸಾಬ್" ಎಂದ. ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎನ್ನುವವರ ಮುಂದೆ ನನಗೆ ಇನ್ನೊಂದು ಜೊತೆ ಕಣ್ಣು ಬರುತ್ತವೆ. ಗೋಣಿತಟ್ಟು ಹಾಸಿ, ಟಾರ್ಚು ಹಿಡಿದು ಕೆಳಗೆ ನುಸುಳಿದೆ. ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಶಾಫ್ಟೇ ಇರಲಿಲ್ಲ. ಬೇಸ್ ಗಾಡಿಗೆ ಅಕ್ಷರ ಅಂಟಿಸಿ, ಒಳಗೊಂದು ಲಿವರ್ ನೆಟ್ಟಿದ್ದ. ಹೊರಗೆ ಬಂದು ಅವನ ಮುಖ ನೋಡಿದೆ. ಅವನು ಕಾಗೆ ಹಾರುವುದನ್ನು ನೋಡತೊಡಗಿದ. ಅಂದು ನಾನು ಬಹಳ ಖುಷಿಯಲ್ಲಿ ಮನೆಗೆ ಬಂದೆ.

ಎರಡನೆಯದು ಮಾದಾಪುರದ ಒಬ್ಬ ಇಂಜಿನಿಯರನದು, ಟಾಪ್ ವೇರಿಯಂಟು. ಬೇಡವೆಂದು ಬರೆದಿಟ್ಟಿದ್ದರೂ ಬೆಲೆ ಕಡಿಮೆಯಿತ್ತು. ಯಾಕೆ ಕಡಿಮೆ ಎಂಬ ಸಂಶಯವೇ ನನ್ನನ್ನು ಅಲ್ಲಿಗೆ ಎಳೆದೊಯ್ದಿತು ಎನ್ನಬೇಕು. ಹೆಂಡತಿ ಸನ್‌ರೂಫು ತೆರೆಸಿ ತಲೆಯೆತ್ತಿ ಆಕಾಶ ನೋಡುತ್ತಿದ್ದಳು. ನಾನು ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಮಳೆಗಾಲದಲ್ಲಿ ತಗ್ಗಿನ ಬಡಾವಣೆಗಳಲ್ಲಿ ನೀರು ನುಗ್ಗಿ ಮುಳುಗಿದ ಗಾಡಿಗಳನ್ನು ಎಷ್ಟೇ ತೊಳೆದರೂ ಬೆಲ್ಟಿನ ತುದಿಯಲ್ಲಿ ಕಲೆ ಉಳಿಯುತ್ತದೆ. ಇದರಲ್ಲೂ ಒಂದು ಕಂದು ಗೆರೆಯಿತ್ತು. ಕಾಫಿ ಚೆಲ್ಲಿತ್ತು ಎಂದು ಆತ ಹೇಳಿದ. ನಾನು ನಕ್ಕು ಬೆಲ್ಟು ಬಿಟ್ಟೆ.

ಮೆಟ್ರೋದಲ್ಲಿ ಬರುವಾಗ ಹೆಂಡತಿ ಕೇಳಿದಳು. "ಕಾಫೀನ ಇರಬಹುದಲ್ರೀ?"

"ಇರಬಹುದು. ಇರಲಿಕ್ಕಿಲ್ಲ" ಎಂದೆ.

"ನಿಮಗ ಗಾಡಿ ಬೇಕಾಗೇದೋ, ಗಾಡ್ಯಾಗಿನ ಕಲೆ ಬೇಕಾಗೇದೋ, ಒಂದೂ ತಿಳೀವಲ್ದು."

ಮೂರನೆಯ ಗಾಡಿಯ ಸುದ್ದಿ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಬೀದರಿನ ಕಡೆಯ ಒಬ್ಬರು, ನಮ್ಮಂತೆಯೇ ಇನ್ನೊಂದು ಕಾರ್ಖಾನೆಯಲ್ಲಿದ್ದವರು, ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದರು. ಅವರ ಹೆಂಡತಿ ಗಾಡಿ ಮಾರುತ್ತಾರಂತೆ. ಅದೇ ಮಾಡೆಲ್ಲು, ನಡುವಿನ ವೇರಿಯಂಟು. ಮನೆ ನಮ್ಮಿಂದ ಎರಡು ಬಸ್ ಸ್ಟಾಪಿನ ದೂರ. ಇಷ್ಟು ಸಲೀಸಾಗಿ ಸಿಗುತ್ತಿದೆ ಎಂದ ಮೇಲೆ ಏನೋ ಇದೆ ಎಂದು ನಾನು ಹೊರಡುವ ಮುಂಚೆಯೇ ತೀರ್ಮಾನಿಸಿದ್ದೆ.

ಇಲ್ಲಿ ನನ್ನ ವೃತ್ತಿಯ ಒಂದು ಕಟ್ಟಳೆಯನ್ನು ಹೇಳಬೇಕು. ತಪಾಸಣೆಗೆ ಹೋದ ಕಡೆ ನೀರೂ ಕುಡಿಯಬಾರದು ಎಂದು ನನ್ನ ಮೊದಲ ಮೇಲಧಿಕಾರಿ ಹೇಳಿಕೊಟ್ಟಿದ್ದರು. ಶೆಡ್ಡಿನ ಮಾಲೀಕ ಚಹಾ ತರಿಸುತ್ತಾನೆ, ಬಿಸ್ಕೀಟು ಇಡುತ್ತಾನೆ, ಮಗಳ ಮದುವೆಯ ಮಾತು ತೆಗೆಯುತ್ತಾನೆ. ಆಮೇಲೆ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಕೈ ಕೆಂಪು ಚೀಟಿಯ ಕಡೆ ಹೋಗುವುದಿಲ್ಲ. ಮೂವತ್ತು ವರ್ಷ ನಾನು ನನ್ನ ಬಾಟಲಿಯ ನೀರನ್ನೇ ಕುಡಿದಿದ್ದೇನೆ. ಆ ಬಗ್ಗೆ ನನಗೆ ಸೊಕ್ಕೂ ಇತ್ತು.

ಆಕೆ ಬಾಗಿಲಲ್ಲೇ ನಿಂತಿದ್ದರು. ಐವತ್ತರ ಆಸುಪಾಸಿನವರು, ತೆಳ್ಳಗೆ, ಎತ್ತರಕ್ಕೆ. "ಬರ್ರಿ ಅಣ್ಣಾರ, ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಕೂರಿಸಿದರು. ಗೋಡೆಯ ಮೇಲಿನ ಫೋಟೋಕ್ಕೆ ಹಾರ ಹಾಕಿತ್ತು. ನಾವು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಚಹಾ, ತಟ್ಟೆಯಲ್ಲಿ ಅವಲಕ್ಕಿ ಚೂಡಾ ಬಂದವು. ಏಲಕ್ಕಿ ಹಾಕಿದ ಚಹಾ.

"ಬ್ಯಾಡ್ರಿ, ಮೊದಲ ಗಾಡಿ ನೋಡ್ತೀನಿ" ಎಂದೆ.

"ಕುಡದು ನೋಡ್ರಿ, ಗಾಡಿ ಎಲ್ಲಿ ಹೋಗತೈತಿ?"

ನಾನು ಚೀಲದಿಂದ ನನ್ನ ಬಾಟಲಿ ತೆಗೆದು ಎರಡು ಗುಟುಕು ಕುಡಿದೆ. ಹೆಂಡತಿ ಆಗಲೇ ಕಪ್ಪು ಎತ್ತಿಕೊಂಡಿದ್ದಳು. ನಾನು ಅವಳ ಕಡೆ ನೋಡಿದೆ. ಅವಳು ನನ್ನನ್ನು ನೋಡಿದಳು, ಕಪ್ಪನ್ನು ಹಾಗೇ ಕೆಳಗಿಟ್ಟಳು. ನಮ್ಮ ಕಡೆ ಒಂದು ಮನೆಯಲ್ಲಿ ನೀರು ಮುಟ್ಟದೆ ಎದ್ದರೆ ಅದಕ್ಕೆ ಯಾವ ಯಾವ ಅರ್ಥ ಬರುತ್ತದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಜಾತಿಯ ಅರ್ಥ ಬರುತ್ತದೆ, ಸಾವಾದ ಮನೆಯೆಂಬ ಅರ್ಥವೂ ಬರುತ್ತದೆ. ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಅದೊಂದು ಮನೆಯೇ ಆಗಿರಲಿಲ್ಲ. ನಾನು ಶೆಡ್ಡಿನಲ್ಲಿದ್ದೆ.

ಗಾಡಿಯನ್ನು ಒಂದೂವರೆ ಗಂಟೆ ನೋಡಿದೆ. ಶಾಫ್ಟು ಇತ್ತು. ಬೆಲ್ಟು ಸ್ವಚ್ಛವಿತ್ತು. ಲೋ ಗೇರು ಬೆಣ್ಣೆಯಂತೆ ಬಿತ್ತು. ಹಿಂದಿನ ಸೀಟು ಮಡಚಿದರೆ ಸರಿಯಾಗಿ ಕೂರುವಂತೆ ಕತ್ತರಿಸಿದ ಗಾದಿಯೂ ಇತ್ತು. ಗಂಡ ಹೆಂಡತಿ ಅದರಲ್ಲೇ ಊರೂರು ತಿರುಗಿ ಮಲಗುತ್ತಿದ್ದರಂತೆ. ನನ್ನ ಹೆಂಡತಿ ಆ ಗಾದಿಯ ಮೇಲೆ ಕೈಯಾಡಿಸಿದಳು. ತಪ್ಪು ಸಿಗದೆ ನನಗೆ ಚಡಪಡಿಕೆ ಹತ್ತಿತು. ಕೊನೆಗೆ ಸಿಕ್ಕಿತು. ಬ್ರೇಕು, ಕ್ಲಚ್ಚಿನ ಪೆಡಲ್ಲುಗಳ ರಬ್ಬರು ಹೊಚ್ಚ ಹೊಸದು. ಮೀಟರಿನಲ್ಲಿ ಕಿಲೋಮೀಟರು ಕಡಿಮೆ ಮಾಡಿದವರು ಸವೆದ ರಬ್ಬರನ್ನೂ ಬದಲಿಸುತ್ತಾರೆ.

"ಮೀಟರ್ ತಿರುವ್ಯಾರೇನ್ರಿ?" ಎಂದು ಕೇಳಿದೆ. ಹಾಗೇ ಕೇಳಿದೆ, ನಯನಾಜೂಕು ಏನೂ ಇಲ್ಲದೆ.

ಆಕೆ ಬಗ್ಗಿ ಪೆಡಲ್ಲಿನ ಮೇಲೆ ಕೈಯಿಟ್ಟರು. "ರಬ್ಬರ ನಾನ ಹಾಕಿಸಿದ್ದು ಅಣ್ಣಾರ. ಅವರಿಗೆ ಕಣ್ಣಿನ ತ್ರಾಸ ಇತ್ತು, ಗಾಡಿ ನಡಸ್ತಿದ್ದಾಕಿ ನಾನು. ಹಳೇ ರಬ್ಬರಿಗೆ ಕಾಲು ಜಾರತಿತ್ತು."

ಒಳ್ಳೆಯ ಕಥೆ ಎಂದುಕೊಂಡೆ. ಇಷ್ಟೆತ್ತರದ ಗಾಡಿಯನ್ನು ಹೆಂಗಸು ಕಾಡುದಾರಿಯಲ್ಲಿ ಓಡಿಸುತ್ತಿದ್ದಳು, ಗಂಡ ಪಕ್ಕದಲ್ಲಿ ಕೂರುತ್ತಿದ್ದ ಎಂಬುದು ನನ್ನ ತಲೆಗೆ ಹೊಂದಲೇ ಇಲ್ಲ. ಸರ್ವಿಸು ಮಾಡಿಸಿದ ಗ್ಯಾರೇಜಿನ ನಂಬರು ಕೊಡಿ, ವಿಚಾರಿಸಿಕೊಂಡು ನಾಳೆ ಹೇಳುತ್ತೇನೆ ಎಂದೆ.

"ನಂಬರ ಕೊಡ್ತಿದ್ದೆ. ಆದ್ರ ಗಾಡಿ ನಿಮಗ ಕೊಡಂಗಿಲ್ರಿ."

"ಯಾಕ್ರಿ?"

"ನೀವು ಪರೀಕ್ಷೆ ಮಾಡಿದ್ದು ತಪ್ಪಲ್ಲ. ಕೊಳ್ಳವ್ರು ನೋಡಬೇಕು. ಆದ್ರ ಅವರು ಹೋದ ಮ್ಯಾಲ ಈ ಮನೀಗೆ ಕನ್ನಡ ಮಾತಾಡ್ಕೋತ ಬಂದವ್ರು ನೀವ ಮೊದಲು. ನಿಮ್ಮ ಬಾಟಲಿ ನೀರ ಕುಡದ್ರಿ. ಅಕ್ಕಾರಿಗೂ ಕುಡೀಗೊಡಲಿಲ್ಲ." ಅಷ್ಟು ಹೇಳಿ ಆಕೆ ಗಾಡಿಯ ಬಾಗಿಲು ಮುಚ್ಚಿ ಕೀಲಿ ತಿರುಗಿಸಿದರು.

ಮನೆಗೆ ಬಂದು ನಾನು ಹೇಳಿದ್ದು ಇಷ್ಟೇ: ಏನೋ ಮುಚ್ಚಿಟ್ಟಿದ್ದಾಳೆ, ಗ್ಯಾರೇಜಿನ ನಂಬರು ಕೇಳಿದ ಕೂಡಲೇ ಹಿಂದೆ ಸರಿದಳು ನೋಡು. ಹೆಂಡತಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಬಾಗಿಲನ್ನು ನಮ್ಮ ಮನೆಯಲ್ಲಿ ಯಾರೂ ಹಾಕಿದ್ದು ನನಗೆ ನೆನಪಿಲ್ಲ.

ಮುಂದಿನ ವಾರದಿಂದ ನನ್ನ ಸಂಶಯಕ್ಕೆ ಮನೆಯಲ್ಲೇ ಕೆಲಸ ಸಿಕ್ಕಿತು. ರವಿಕೆ ಬಟ್ಟೆ ತರಲು ಕೋಠಿ ಬಜಾರಿಗೆ ಹೋಗುತ್ತೇನೆ ಎಂದು ಹೋದವಳು ಬರಿಗೈಯಲ್ಲಿ ಬಂದಳು. ಬಣ್ಣ ಹೊಂದಲಿಲ್ಲ ಎಂದಳು. ಎರಡು ದಿನ ಬಿಟ್ಟು ಮತ್ತೆ ಹೋದಳು. ಶೇಂಗಾ ಚಟ್ನಿಪುಡಿಯ ಡಬ್ಬಿ ಅರ್ಧ ಖಾಲಿಯಾಗಿತ್ತು. ಮೂರನೆಯ ಸಲ ಬಂದಾಗ ಅವಳ ಚಪ್ಪಲಿಗೆ ಕೆಂಪು ಮಣ್ಣು ಹತ್ತಿತ್ತು. ಕೋಠಿಯಲ್ಲಿ ಕಾಲಿಡಲೂ ಜಾಗವಿಲ್ಲ, ಕೆಂಪು ಮಣ್ಣೆಲ್ಲಿಂದ ಬರಬೇಕು? ಅವಳು ಬಚ್ಚಲಿಗೆ ಹೋದಾಗ ನಾನು ಚಪ್ಪಲಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಹೆಂಡತಿಯ ಚಪ್ಪಲಿಯನ್ನು ತಿರುಗಿಸಿ ನೋಡುತ್ತ ನಿಂತಿದ್ದವನನ್ನು ಅವಳು ಹೊರಗೆ ಬಂದು ನೋಡಿದಳು.

"ಕೇಳಬಾರದಿತ್ತೇನ್ರಿ?" ಎಂದಳು. "ಕೇಳಿದ್ರ ಹೇಳತಿದ್ದೆ. ಆಕೀ ಮನೀಗೆ ಹೋಗಿದ್ದೆ. ಮೊದಲ ದಿನ ತಪ್ಪಾತ್ರಿ ಅಂತ ಹೇಳಾಕ ಹೋದೆ. ಚಾ ಕುಡದೆ. ಎರಡನೇ ಸಲ ಊಟಾನೂ ಮಾಡಿದೆ. ಇವತ್ತ ಆಕಿ ಗಾಡ್ಯಾಗ ಊರ ಹೊರಗ ಕರಕೊಂಡು ಹೋಗಿದ್ಲು. ಏನ ನಡಸ್ತಾಳ್ರೀ ಆಕಿ!"

"ಗಾಡಿ ಕೊಡ್ತಾಳಂತೇನು?" ಎಂದು ಕೇಳಿದೆ.

"ಆಕಿ ಇನ್ನ ಮಾರಂಗಿಲ್ಲ. ಅವರು ಹೋದ ಮ್ಯಾಲ ಒಬ್ಬಾಕಿ ಹೆಂಗ ಹೋಗೋದಂತ ಮಾರಾಕ ಹೊಂಟಿದ್ಲು. ಬರೋ ಶನಿವಾರ ನಾವಿಬ್ಬರು ಹೋಗಾಕತ್ತೀವಿ. ರಾತ್ರಿ ಅಲ್ಲೇ ಇದ್ದು ಬರ್ತೀವಿ."

ಯಾವ ಊರು, ಯಾವ ದಾರಿ, ಟೈರು ಯಾವ ವರ್ಷದ್ದು, ಫೋನಿಗೆ ಸಿಗ್ನಲ್ಲು ಸಿಗುತ್ತದೆಯೇ ಎಂದೆಲ್ಲ ಕೇಳಿದೆ. ಆಮೇಲೆ, ನಾನೂ ಬರುತ್ತೇನೆ ಎಂದೆ. ಅವಳು ತುಸು ಯೋಚಿಸಿದಳು.

"ಬ್ಯಾಡ್ರಿ. ನೀವು ಬಂದ್ರ ನಾನು ಆಕಾಶ ನೋಡಂಗಿಲ್ಲ, ನಿಮ್ಮ ಮುಖ ನೋಡ್ಕೋತ ಕುಂದರ್ತೀನಿ."

ಶನಿವಾರ ಮಧ್ಯಾಹ್ನ ಗಾಡಿ ನಮ್ಮ ಗೇಟಿಗೆ ಬಂತು. ನಾನು ಕೆಳಗಿಳಿದು ನಾಲ್ಕೂ ಟೈರುಗಳನ್ನು ಒತ್ತಿ ನೋಡಿದೆ. ಆಕೆ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ನಾನು ಮುಗಿಸುವವರೆಗೂ ಕಾದರು. ಹೆಂಡತಿ ಮುಂದಿನ ಸೀಟು ಹತ್ತಲು ಮೊಣಕಾಲು ಹಿಡಿದುಕೊಂಡಳು. ಕೈ ಕೊಡಲು ನಾನು ಸುತ್ತಿ ಬರುವಷ್ಟರಲ್ಲಿ ಆಕೆ ಒಳಗಿನಿಂದ ಎಳೆದುಕೊಂಡಾಗಿತ್ತು.

ಭಾನುವಾರ ಹನ್ನೊಂದಕ್ಕೆ ಮರಳಿ ಬಂದಳು. ಕೂದಲಲ್ಲಿ ಧೂಳು, ತೋಳಿಗೆ ಮುಳ್ಳು ತರಚಿದ ಗೆರೆ. ಸಿಂಕಿನಲ್ಲಿ ಫ್ಲಾಸ್ಕು ತೊಳೆಯುತ್ತ ನಿಂತಿದ್ದಳು. ಹಾಡೊಂದನ್ನು ಗುನುಗುತ್ತಿದ್ದಳು, ನಾನು ಹಿಂದೆ ಬಂದು ನಿಂತದ್ದು ಗೊತ್ತಾಗಿ ನಿಲ್ಲಿಸಿದಳು.

"ಗಾಡಿ ಸಿಗಬೀಳಲಿಲ್ಲಾ?"

"ಒಂದು ಹಳ್ಳದಾಗ ಬಿದ್ದಿತ್ತು. ಆಕಿ ಇನ್ನೊಂದು ಲಿವರ್ ಎಳದ್ಲು, ಬಂತು."

"ಮಲಗಿದ್ದು ಎಲ್ಲಿ?"

"ಆಕಿ ಗಾಡ್ಯಾಗ. ನಾನು ಹೊರಗ, ಬಯಲಾಗ."

"ಹೆದರಿಕಿ ಆಗಲಿಲ್ಲಾ?"

"ಸ್ವಲ್ಪ ಆತು. ಆಮ್ಯಾಲ ನಿದ್ದಿ ಬಂತು."

ಇಷ್ಟಕ್ಕೆ ಬಿಡಬೇಕಿತ್ತು. ನಾನು ಬಿಡುವ ಜಾತಿಯವನಲ್ಲ. "ನನ್ನ ನೆನಪು ಬಂತೇನು?" ಎಂದು ಕೇಳಿದೆ.

ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ನಿಜವಾಗಿಯೂ ನೆನಪಿಸಿಕೊಂಡು ನೋಡಿದಳು.

"ಇಲ್ರಿ," ಎಂದಳು. "ಬರಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಂಶಯಪಡಲು ಒಂದು ಆಸರೆಯಾದರೂ ಸಿಗುತ್ತಿತ್ತು. ಯಾರ ಮಾತನ್ನೂ ಎರಡು ಸಲ ಅಳೆಯದೆ ಒಪ್ಪಿದವನಲ್ಲ ನಾನು. ಈ ಮಾತನ್ನು ಕೇಳಿದ ಕೂಡಲೇ ನಂಬಿದೆ.