ದೋಣಿಯಲ್ಲಿ ಬೀಗರ ಸ್ನಾನ

ಸೇತುವೆ ಆದ ಮೇಲೆ ಐನಾಪುರದ ಹೊಳೆದಂಡೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯ ದೋಣಿಯೊಂದನ್ನು ದ್ರಾಕ್ಷಿ ತೋಟದ ಸಾವಕಾರರೊಬ್ಬರು, ಬೀಗರು ಬಂದರೆ ಇಳಿದುಕೊಳ್ಳಲೆಂದು, ತಾವೇ ರಿಪೇರಿ ಮಾಡಿದ್ದರು. ಹಲಗೆ ಕೂಡಿಸಿದ್ದು, ಡಾಂಬರು ಬಳಿದದ್ದು, ತಗಡಿನ ಬಚ್ಚಲು ಕಟ್ಟಿದ್ದು ಎಲ್ಲ ಅವರೇ. ಶಾವರಿನ ಪೈಪು ಜೋಡಿಸಲು ಮಾತ್ರ ಚಿಕ್ಕೋಡಿಯಿಂದ ನನ್ನನ್ನು ಕರೆಸಿದರು.

"ಸುತ್ತ ಹೊಳಿ ಐತಿ, ಶಾವರ್ ಯಾಕ್ರಿ?" ಅಂದೆ.

"ನಮ್ಮ ಹಿರಿ ಮಗಳ ಮಾವ ಸಾಂಗ್ಲಿ ಪ್ಯಾಟಿಯವ್ರು. ಹೊಳಿಗೆ ಇಳಿಯಾಂಗಿಲ್ಲ."

ನೀರಿಗೆಂದು ತೋಟದ ಬ್ಯಾರಲ್ ಬಚ್ಚಲ ಮೇಲೇರಿಸಿದ್ದರು. ದ್ರಾಕ್ಷಿಗೆ ಹೊಡೆಯುವ ಮೈಲುತುತ್ತ ಕಲಸುವ ಬ್ಯಾರಲ್ ಅದು.

"ತೊಳದೀರೇನ್ರಿ?"

"ನಾನಽ ತೊಳದೇನಿ."

ಮೊದಲ ಸ್ನಾನ ಆ ಬೀಗರದೇ. ಹೊರಬಂದಾಗ ಅವರ ಬಿಳಿ ಕೂದಲು, ಮೀಸೆ, ಸುತ್ತಿಕೊಂಡ ಟವೆಲ್, ಎಲ್ಲ ಮೈಲುತುತ್ತದ ತಿಳಿನೀಲಿ. ಸಾವಕಾರರು ಬೇರೆ ಟವೆಲ್ ಹುಡುಕತೊಡಗಿದರು. ಎಷ್ಟೆಂದರೂ ಮಗಳನ್ನು ಕೊಟ್ಟ ಮನೆ. ನಾನು ಹೊಳೆ ನೋಡುತ್ತ ನಿಂತೆ.

ಬೀಗರು ಕನ್ನಡಿಯಲ್ಲಿ ಮುಖ ನೋಡಿಕೊಂಡರು. "ಮದವ್ಯಾಗ ಓಕುಳಿ ಆಡ್ಲಿಲ್ಲಂತ ಈಗ ಆಡಿದ್ರೇನ್ರಿ ಬೀಗರ?" ಅಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೌದ್ರಿ, ಹೌದ್ರಿ," ಅಂದರು ಸಾವಕಾರರು.

"ಹಂಗಾರ ನೀವೂ ಬರ್ರಿ," ಎನ್ನುತ್ತ ಬೀಗರು ಅವರನ್ನು ಅಂಗಿ ಸಮೇತ ಶಾವರಿನ ಕೆಳಗೆ ನೂಕಿದರು.

ಬೀಗರು ಹೋದ ಮೇಲೆ ನಾನು ಬ್ಯಾರಲ್ ಇಳಿಸಹೋದೆ. ನೀಲಿ ಸಾವಕಾರರು ತಡೆದರು.

"ಇರ್ಲಿ ಬಿಡ್ರಿ. ಬರೋ ವಾರ ಸಣ್ಣ ಮಗಳ ಮಾವನೋರು ಬರಾಕತ್ತಾರ. ಅವ್ರು ಬೆಳ್ಳಗ ಹೊರಗ ಬಂದ್ರ, ಹಿರಿ ಬೀಗರಿಗೆ ಓಕುಳಿ ಸುಳ್ಳಂತ ತಿಳೀತೈತಿ."