ಜ್ವರಕ್ಕೆ ಕೂತ ಬಾವಲಿ

ಬಾವಲಿಗಳ ಚಳಿನಿದ್ದೆಯ ಪಾಠ ಮಾಡುವಾಗ ನಾನು ಹುಡುಗರ ಕಡೆಗಿಂತ ಕಿಟಕಿಯ ಕಡೆ ಹೆಚ್ಚು ನೋಡುತ್ತೇನಂತೆ. ಇದು ನನ್ನ ವಿದ್ಯಾರ್ಥಿಗಳ ದೂರು, ಸುಳ್ಳೂ ಅಲ್ಲ. ಚಿಂತಾಮಣಿಯ ನಮ್ಮ ಕಾಲೇಜಿನ ಆ ಕಿಟಕಿಯಿಂದ ಬಸ್ ನಿಲ್ದಾಣದ ರಸ್ತೆ ಕಾಣುತ್ತದೆ. ಶನಿವಾರ ಮಧ್ಯಾಹ್ನ ಆ ರಸ್ತೆಯಲ್ಲಿ ನನ್ನ ಹೆಂಡತಿ ನಾಗವೇಣಿ ನಡೆದು ಬರುತ್ತಾಳೆ. ಅವಳು ಗೌರಿಬಿದನೂರಿನಲ್ಲಿ ಹೈಸ್ಕೂಲು ಮೇಡಂ, ನಾನು ಇಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮದುವೆಯಾದಾಗಿನಿಂದ ಇಬ್ಬರನ್ನೂ ಒಂದೇ ಊರಿಗೆ ಹಾಕಿ ಎಂದು ವರ್ಗ ಕೇಳುತ್ತಲೇ ಇದ್ದೇವೆ. ಎಂಬತ್ತರ ದಶಕ ಮುಗಿದು ತೊಂಬತ್ತರದ್ದೂ ಅರ್ಧ ಸವೆದಿದೆ. ನಮ್ಮ ಸಂಸಾರ ಇನ್ನೂ ಶನಿವಾರದಿಂದ ಸೋಮವಾರದವರೆಗಿನದು.

ಚಳಿನಿದ್ದೆ ಎನ್ನುವ ಮಾತೇ ತಪ್ಪು ಎಂಬುದು ನನ್ನ ಹಳೆಯ ತಕರಾರು. ಅದು ನಿದ್ದೆಯಲ್ಲ. ಹಿಮ ಬೀಳುವ ನಾಡುಗಳಲ್ಲಿ ಬಾವಲಿಗಳು, ಕೆಲವು ಜಾತಿಯ ಇಲಿ ಅಳಿಲುಗಳು ಚಳಿಗಾಲ ಬಂತೆಂದರೆ ಮೈಯ ಒಲೆಯನ್ನು ಹೆಚ್ಚುಕಡಿಮೆ ಆರಿಸಿಬಿಡುತ್ತವೆ. ಮೈ ಗೋಡೆಯಷ್ಟೇ ತಣ್ಣಗಾಗುತ್ತದೆ. ಎದೆಬಡಿತ ನಿಧಾನವಾಗುತ್ತದೆ, ಉಸಿರು ಎಲ್ಲೋ ಒಮ್ಮೆ. ಬೇಸಿಗೆಯಲ್ಲಿ ತಿಂದು ಕೂಡಿಟ್ಟ ಕೊಬ್ಬನ್ನು ಚೂರುಚೂರೇ ಕರಗಿಸಿಕೊಂಡು ತಿಂಗಳುಗಟ್ಟಲೆ ಕಾಯುತ್ತವೆ. ನಮ್ಮ ಸೀಮೆಯ ಚಳಿಗೆ ಅಷ್ಟು ಪ್ರತಾಪವಿಲ್ಲ. ಡಿಸೆಂಬರಿನ ಬೆಳಗುಗಳಲ್ಲಿ ನಮ್ಮ ಪುಟ್ಟ ಬಾವಲಿಗಳು ಕೆಲವು ಗಂಟೆ ಮರಗಟ್ಟಿ, ಬಿಸಿಲೇರಿದ ಮೇಲೆ ಚೇತರಿಸಿಕೊಳ್ಳುತ್ತವೆ, ಅಷ್ಟೆ.

ಇದರಲ್ಲಿ ನನ್ನನ್ನು ಕಾಡುವ ಸಂಗತಿ ಬೇರೆ. ಹಾಗೆ ತಿಂಗಳುಗಟ್ಟಲೆ ಬಿದ್ದಿರುವ ಪ್ರಾಣಿ ನಡುನಡುವೆ, ಯಾರೂ ಎಬ್ಬಿಸದೆ, ತಾನೇ ಎದ್ದುಬಿಡುತ್ತದೆ. ಹಾಗೆ ಏಳುವುದು ಬಲು ದುಬಾರಿ, ಕೂಡಿಟ್ಟ ಕೊಬ್ಬಿನ ಬಹುಪಾಲು ಅದಕ್ಕೇ ಖರ್ಚು. ಯಾಕೆ ಏಳುತ್ತದೆ ಎಂಬುದಕ್ಕೆ ಗಟ್ಟಿ ಉತ್ತರವಿಲ್ಲ. ನಿದ್ದೆ ಮಾಡುವುದಕ್ಕಾಗಿಯೇ ಏಳುತ್ತದೆ ಎನ್ನುವವರೂ ಇದ್ದಾರೆ. ಇದನ್ನು ಮೊದಲು ಓದಿದಾಗ ನಕ್ಕಿದ್ದೆ. ಈಗ ನಗುವುದಿಲ್ಲ. ವಾರವಿಡೀ ಕಾದು, ಎರಡು ಬಸ್ಸು ಬದಲಾಯಿಸಿ ಬಂದ ಹೆಂಡತಿಯ ಎದುರು ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಳ್ಳುತ್ತಲೇ ಗೊರಕೆ ಹೊಡೆಯುವವನು ನಾನು.

ವಾರದ ಮಿಕ್ಕ ದಿನಗಳಿಗೆ ನನ್ನ ಕೂಡಿಟ್ಟ ಕೊಬ್ಬು ಯಾವುದೆಂದರೆ ಒಂದು ನೆನಪು. ನಾಗವೇಣಿಯ ತವರು ಶಿಡ್ಲಘಟ್ಟದ ಹತ್ತಿರದ ಮೇಲೂರು, ರೇಷ್ಮೆಹುಳು ಸಾಕುವ ಮನೆ. ನಾನು ಗೌರಿಬಿದನೂರಿನ ಕಡಲೆಕಾಯಿ ಸೀಮೆಯವನು, ಹುಳುವಿನ ವಿಷಯ ಪುಸ್ತಕದಲ್ಲಿ ಓದಿದ್ದೆನೇ ಹೊರತು ಮನೆಯಲ್ಲಿ ಕಂಡಿರಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಸೋದರಮಾವನ ಜೊತೆ ಹೆಣ್ಣು ನೋಡಲು ಹೋದೆ. ಹುಡುಗಿಯ ತಂದೆ ಬಾಗಿಲಲ್ಲೇ ದನಿ ತಗ್ಗಿಸಿ, "ಇಲ್ಲೇ ಜಗಲಿ ಮೇಲೆ ಕೂತ್ಕೊಳಣ ಬನ್ನಿ. ಒಳಗೆ ನಾಲ್ಕನೇ ಜ್ವರ. ಗಲಾಟೆ ಆಗಬಾರ್ದು. ನಾಳೆಗೆ ಸರಿಹೋಗ್ತದೆ" ಎಂದರು.

ಮಾವ ನನ್ನ ತೊಡೆ ಚಿವುಟಿದ. "ನಾಲ್ಕು ಸಲ ಜ್ವರ ಬಂದಿರೋ ಹುಡುಗೀನ ತೋರಿಸ್ತಾವ್ರಲ್ಲೋ! ಮಲೇರಿಯಾನೇ ಇರ್ಬೇಕು. ಕಾಫಿ ಕುಡಿದು ಎದ್ಬಿಡಣ."

ಅಷ್ಟರಲ್ಲಿ ಕೇಸರಿಭಾತಿನ ತಟ್ಟೆ ಹಿಡಿದು ಹುಡುಗಿಯೇ ಬಂದಳು, ದುಂಡುದುಂಡಗೆ ಗಟ್ಟಿಮುಟ್ಟಾಗಿ. ಮಾವ ಕನಿಕರದಿಂದ, "ಹೆಂಗಿದೀಯಮ್ಮ ಈಗ? ಮೈ ಬಿಸಿ ಇಳೀತಾ?" ಎಂದು ಕೇಳಿದ. ಅವಳು ಒಂದು ಕ್ಷಣ ಪೆಚ್ಚಾಗಿ, ಆಮೇಲೆ ತಟ್ಟೆ ಅಲುಗುವಂತೆ ನಕ್ಕಳು. "ಜ್ವರ ನಂಗಲ್ಲ ಸಾರ್, ಹುಳಕ್ಕೆ!"

ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ಆ ಕಡೆಯವರು ಜ್ವರ ಎನ್ನುತ್ತಾರೆ. ಪೂರ್ತಿ ಬೆಳೆದು ಹಣ್ಣಾಗಿ ಗೂಡು ಕಟ್ಟುವುದರೊಳಗೆ ಅಂಥ ಜ್ವರ ನಾಲ್ಕು.

ಆ ನಗುವಿನ ನಡುವೆಯೇ, ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಯಿಂದ ಇಳಿಸುತ್ತಿದ್ದ ಅವಳ ತಾಯಿ, "ಅಯ್ಯೋ, ಗಬ್ಬಿಲಂ!" ಎಂದು ತೆಲುಗಿನಲ್ಲಿ ಕೂಗಿದರು. ಹೆಬ್ಬೆರಳಿನಷ್ಟು ಬಾವಲಿಯೊಂದು ಚಂದ್ರಿಕೆಯ ಹಿಂದಿನಿಂದ ಜಗಲಿಗೆ ಬಿದ್ದಿತ್ತು. ಸತ್ತಿದೆ ಎಂದ ಮಾವ. ಆಕೆ ಬಗ್ಗಿ ನೋಡಿ, "ಇಲ್ಲ ಕಣಪ್ಪ, ಇದೂ ಜ್ವರಕ್ಕೆ ಕೂತದೆ" ಎಂದರು. ವಿಶ್ವವಿದ್ಯಾಲಯದ ಬಿಸಿ ಇನ್ನೂ ಆರದ ನಾನು, ಜ್ವರವೆಂದರೆ ಮೈ ಕಾಯುವುದು, ಇದು ಅದಕ್ಕೆ ತದ್ವಿರುದ್ಧ ಎಂದು ಭಾವೀ ಅತ್ತೆಗೆ ಪಾಠ ಶುರುಮಾಡಿದೆ. ಪಾಠ ಮುಗಿಯುವ ಮೊದಲೇ ನಾಗವೇಣಿ ಸೆರಗಿನ ತುದಿಯಲ್ಲಿ ಅದನ್ನೆತ್ತಿ ಬಿಸಿಲಿಗೆ ಹಿಡಿದಳು. ಅದು ಅವಳ ಅಂಗೈಯಲ್ಲಿ ಗಡಗಡ ನಡುಗಿತು, ಬಾಯಿ ತೆರೆಯಿತು, ಆಮೇಲೆ ಹಾರಿತು. ಚಿಂತಾಮಣಿಯ ಬಾಡಿಗೆ ಕೋಣೆಯಲ್ಲಿ ಬುಧವಾರ ಗುರುವಾರಗಳನ್ನು ನಾನು ದಾಟುವುದು ಈ ಚಿತ್ರ ಹಿಡಿದುಕೊಂಡು.

ಹೋದ ಭಾನುವಾರ, ಯಾಕೋ, ಇದನ್ನು ಅವಳಿಗೇ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಏನ್ರೀ ಸುಳ್ಳು ಹೇಳ್ತೀರಾ? ನಾನೆಲ್ಲಿ ಎತ್ಕೊಂಡೆ? ಬಾವಲಿ ಅಂದ್ರೆ ನಂಗೆ ಈಗ್ಲೂ ಮೈ ಜುಂ ಅಂತದೆ. ಎತ್ಕೊಂಡಿದ್ದು ನೀವು, ಕರ್ಚೀಫಲ್ಲಿ. ನಡುಗ್ತಿದ್ದಿದ್ದು ಅದೋ ನಿಮ್ಮ ಕೈಯೋ ಗೊತ್ತಾಗ್ಲಿಲ್ಲ."

"ಚಳಿ ಇತ್ತಲ್ಲ."

"ಚೆನ್ನಾಗಿ ಬಿಸಿಲು ಕಾಯ್ತಿತ್ತು. ಪಾಪ ಅನ್ನಿಸ್ತು. ಅದಕ್ಕೇ ಅಪ್ಪಂಗೆ ಹೂಂ ಅಂದಿದ್ದು. ಗೌರಿಬಿದನೂರಲ್ಲಿ ಬೇಜಾರಾದಾಗ ಅದನ್ನೇ ನೆನೆಸ್ಕೊಂಡು ನಗ್ತೀನಿ."

ಕಣ್ಣಾರೆ ಕಂಡದ್ದನ್ನೂ ಅನುಮಾನಿಸು ಎಂದು ನನಗೆ ಕಲಿಸಿದವರು ಹೀಗಾದಾಗ ಎಲ್ಲಿಗೆ ಹೋಗಬೇಕೆಂದು ಕಲಿಸಲಿಲ್ಲ. ಇಷ್ಟು ವರ್ಷ ನನ್ನನ್ನು ಬದುಕಿಸಿದ ಚಿತ್ರ ನಾನೇ ಕಟ್ಟಿಕೊಂಡದ್ದೋ? ಸೆರಗಿನ ಬಣ್ಣ ಕೂಡ ನೆನಪಿದೆ, ಹಸಿರು. ಅವಳನ್ನು ಕೇಳಿದರೆ ಆ ದಿನ ಉಟ್ಟಿದ್ದು ನೀಲಿಯಂತೆ. ಅವಳಿಗೂ ನನ್ನ ಕರ್ಚೀಫಿನ ಗೀರುಗಳು ನೆನಪಿವೆ. ನಾನು ಆ ಕಾಲದಲ್ಲಿ ಕರ್ಚೀಫು ಇಟ್ಟುಕೊಂಡ ಜ್ಞಾಪಕವೇ ಇಲ್ಲ. ಆಮೇಲೆ ಹೊಳೆಯಿತು, ದೂರ ಇದ್ದೂ ಇದ್ದೂ ನಾವಿಬ್ಬರೂ ಆ ಬಾವಲಿಯನ್ನು ಒಬ್ಬರು ಇನ್ನೊಬ್ಬರ ಕೈಗೆ ದಾಟಿಸಿಬಿಟ್ಟಿದ್ದೇವೆ. ಒಂದೇ ಮನೆಯಲ್ಲಿರುವ ಗಂಡಹೆಂಡಿರಾದರೆ ಕಾಫಿ ಕುಡಿಯುತ್ತ, ಸೊಪ್ಪು ಸೋಸುತ್ತ ದಿನಾ ಒಂದಿಷ್ಟು ಕಿತ್ತಾಡಿ, ಯಾವಾಗಲೋ ಇಬ್ಬರಿಗೂ ಒಪ್ಪುವ ಒಂದು ಸುಳ್ಳಿಗೆ ಬಂದಿರುತ್ತಿದ್ದರು. ನಮಗೆ ಅಷ್ಟು ದಿನಗಳು ಸಿಕ್ಕಿಲ್ಲ. ವರ್ಗದ ಆಸೆ ಇಟ್ಟುಕೊಂಡು ನಾನು ಹಂಬಲಿಸುತ್ತಿದ್ದದ್ದು ಆ ಕಿತ್ತಾಟಕ್ಕೇ ಇರಬೇಕು.

ಸೋಮವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿಸಲು ಹೋದೆ. ಸೀಟು ಹಿಡಿದು ಕೂತವಳು ತಲೆ ಹೊರಗೆ ಹಾಕಿ, "ಮೇಲೂರಿಗೆ ಹೋದಾಗ ಅಮ್ಮನ್ನೇ ಕೇಳ್ಬಿಡ್ತೀನಿ" ಎಂದಳು.

"ಕೇಳ್ಬೇಡ."

"ಯಾಕೆ, ಸೋಲ್ತೀರಾ?"

"ವರ್ಗ ಆದ್ಮೇಲೆ ಜಗಳಕ್ಕೆ ಒಂದು ವಿಷಯ ಬೇಡ್ವಾ?"

"ಇಷ್ಟು ಜಗಳ ಸಾಕಾಗ್ತದೇನ್ರಿ ನಮಗೆ?"

ಕಂಡಕ್ಟರ್ ಸೀಟಿ ಊದಿದ. ಸಾಲದು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಈ ಶನಿವಾರ ಅವಳು ಬರುವುದು ಬೇಡ. ಆ ಒಂದು ಮಾತು ಹೇಳುವುದಕ್ಕೆ ನಾನೇ ಗೌರಿಬಿದನೂರಿಗೆ ಹೋಗುತ್ತೇನೆ.